‘ಅಟ್ಯಾಕ್ ಆನ್ ಟೈಟನ್’ ಸರಣಿಯ 55ನೆಯ ಕಂತನ್ನು ನೋಡುವುದು ಹೇಗೆ, ತೋರಿಸುವುದು ಹೇಗೆ

ಹಾಳುಬಿದ್ದ ಊರೊಂದರ ಹಂಚಿನ ಮಾಡಿನ ಮೇಲೆ ಇಬ್ಬರು ಸಾಯುತ್ತ ಮಲಗಿದ್ದಾರೆ. ಅವರಲ್ಲಿ ಒಬ್ಬರನ್ನು ಮಾತ್ರ ಉಳಿಸಬಲ್ಲ ಒಂದೇ ಒಂದು ಚುಚ್ಚುಮದ್ದು ಪಕ್ಕದಲ್ಲಿ ನಿಂತವನ ಕೈಯಲ್ಲಿದೆ. ‘ಅಟ್ಯಾಕ್ ಆನ್ ಟೈಟನ್’ ಎಂಬ ಜಪಾನಿ ಅನಿಮೆ (ಆನಿಮೇಷನ್) ಸರಣಿಯ 55ನೆಯ ಕಂತಿನ ಕಥೆಯನ್ನು ಚಿಕ್ಕದಾಗಿ ಹೇಳುವುದಾದರೆ ಇಷ್ಟೇ. ಅರ್ಧ ತಾಸೂ ಹಿಡಿಯದ ಈ ಕಂತನ್ನು ನಾನು ಐದು ಸಲ ನೋಡಿದ್ದೇನೆ, ಅವುಗಳಲ್ಲಿ ಮೂರು ಸಲ ಬೇರೆಯವರಿಗೆ ತೋರಿಸುವುದಕ್ಕಾಗಿಯೇ ಕುಳಿತಿದ್ದೆ. ಮೊದಲ ಸಲ ತೋರಿಸಿದಾಗ ಅದು ಪೂರ್ತಿ ಕೆಟ್ಟುಹೋಯಿತು. ನವರಾತ್ರಿ ರಜೆಗೆ ಶಿರಸಿಯ ತವರಿಗೆ ಹೋಗಿದ್ದಾಗ, ಸರಣಿಯ ಹಿಂದುಮುಂದು ಏನೂ ಗೊತ್ತಿಲ್ಲದ ನಾಲ್ವರು ತಮ್ಮ ತಂಗಿಯರನ್ನು ಕೂರಿಸಿ, ಇದು ಬಹಳ ಚೆನ್ನಾಗಿದೆ ಎಂದು ಹೇಳಿ, ನೇರವಾಗಿ ಇದೊಂದೇ ಕಂತನ್ನು ಹಾಕಿದೆ. ಅವರಿಗೆ ಕಂಡದ್ದು ಸುಟ್ಟು ಕರಕಲಾದ ಒಂದು ದೇಹ ಮತ್ತು ಅದರ ಸುತ್ತ ಕೂಗಾಡುವ ಕೆಲವು ಜನ, ಅಷ್ಟೇ. ಕಂತು ಮುಗಿಯುವುದಕ್ಕೆ ಮೊದಲೇ ಇಬ್ಬರು ಎದ್ದು ಅಡುಗೆಮನೆಗೆ ಹೋದರು. ತಪ್ಪು ಮಕ್ಕಳದ್ದಾಗಲಿ ಕಂತಿನದ್ದಾಗಲಿ ಆಗಿರಲಿಲ್ಲ, ತೋರಿಸಿದ ರೀತಿಯಲ್ಲಿತ್ತು. ಆ ಮೇಲೆ ಇನ್ನೆರಡು ಸಲ ತೋರಿಸಿದ ಅನುಭವದಿಂದ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಕಂತಿನ ಕೊನೆಯ ತೀರ್ಮಾನವನ್ನು ಈ ಬರಹದ ಎರಡನೆಯ ಭಾಗದಲ್ಲಿ ಹೇಳಲೇಬೇಕಾಗಿದೆ. ಆದ್ದರಿಂದ ಮೊದಲ ಸಲ ನೋಡಲಿರುವವರು ನಾನು ನಿಲ್ಲಿಸಿ ಎಂದಲ್ಲಿ ನಿಲ್ಲಿಸಿ, ಕಂತನ್ನು ನೋಡಿಕೊಂಡು ಬಂದು ಉಳಿದದ್ದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಸರಣಿಯ ಹಿನ್ನೆಲೆ ಗೊತ್ತಿಲ್ಲದವರಿಗೆ ಕೆಲವು ಮಾತುಗಳು ಸಾಕು. ಹಾಜಿಮೆ ಇಸಾಯಾಮಾ ಅವರು 2009ರಿಂದ 2021ರವರೆಗೆ ಬರೆದು ಚಿತ್ರಿಸಿದ, 34 ಸಂಪುಟಗಳ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಇದರ ಮೂಲ. ಮನುಷ್ಯರನ್ನು ತಿನ್ನುವ ಟೈಟನ್ ಎಂಬ ದೈತ್ಯರಿಗೆ ಹೆದರಿ ಮಾನವಕುಲ ಮೂರು ಸುತ್ತಿನ ಎತ್ತರದ ಗೋಡೆಗಳ ಒಳಗೆ ಒಂದು ನೂರು ವರ್ಷಗಳಿಂದ ಬದುಕುತ್ತಿದೆ ಎಂಬಲ್ಲಿಂದ ಕಥೆ ಆರಂಭವಾಗುತ್ತದೆ. ಅನಿಮೆ ರೂಪ 2013ರ ಏಪ್ರಿಲ್‌ನಲ್ಲಿ ಶುರುವಾಯಿತು. ಮೊದಲ ಮೂರು ಸೀಸನ್‌ಗಳನ್ನು ವಿಟ್ ಸ್ಟುಡಿಯೋ ತಯಾರಿಸಿತು, ಸಂಗೀತ ಹಿರೋಯುಕಿ ಸವಾನೋ ಅವರದು. ನಮ್ಮ 55ನೆಯ ಕಂತು 2019ರ ಜೂನ್‌ನಲ್ಲಿ ಪ್ರಸಾರವಾಯಿತು ಮತ್ತು ಅದು ಮಾಂಗಾದ 84ನೆಯ ಅಧ್ಯಾಯದ ಹೆಸರನ್ನೇ ಇಟ್ಟುಕೊಂಡಿದೆ. ಜಪಾನಿಯಲ್ಲಿ ಆ ಹೆಸರು ‘ಬ್ಯಾಕುಯಾ’, ಅಕ್ಷರಶಃ ‘ಬಿಳಿರಾತ್ರಿ’. ಧ್ರುವದ ಕಡೆಯ ನಾಡುಗಳಲ್ಲಿ ಬೇಸಿಗೆಯ ನಡುರಾತ್ರಿಯಲ್ಲೂ ಸೂರ್ಯ ಮುಳುಗದೆ ಉಳಿಯುವುದಕ್ಕೆ ಈ ಮಾತನ್ನು ಬಳಸುತ್ತಾರೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಅದು ‘ಮಿಡ್‌ನೈಟ್ ಸನ್’ ಆಗಿದೆ. ಇಸಾಯಾಮಾ ಹುಟ್ಟಿ ಬೆಳೆದದ್ದು ಓಯಿತಾ ಪ್ರಾಂತ್ಯದ ಓಯಾಮಾ ಎಂಬ, ಸುತ್ತಲೂ ಬೆಟ್ಟಗಳೇ ಇರುವ ಊರಿನಲ್ಲಿ. ಅಲ್ಲಿನ ಅಣೆಕಟ್ಟಿನ ಬುಡದಲ್ಲಿ, ಗೋಡೆಯಂತೆ ನಿಂತ ಕಾಂಕ್ರೀಟನ್ನು ತಲೆ ಎತ್ತಿ ನೋಡುತ್ತಿರುವ ಕಥೆಯ ಮುಖ್ಯ ಪಾತ್ರಗಳಾದ ಎರೆನ್, ಮಿಕಾಸಾ, ಆರ್ಮಿನ್ ಎಂಬ ಮೂವರು ಮಕ್ಕಳ ಕಂಚಿನ ಪ್ರತಿಮೆಗಳನ್ನು 2020ರಲ್ಲಿ ನಿಲ್ಲಿಸಿದ್ದಾರೆ. ಘಟ್ಟದ ಮೇಲೆ ಅಡಿಕೆ ತೋಟದ ತಗ್ಗಿನಲ್ಲಿ ಮನೆಯಿದ್ದು, ನಾಲ್ಕೂ ದಿಕ್ಕಿಗೆ ಬೆಟ್ಟ ನೋಡುತ್ತ ಬೆಳೆದವರಿಗೆ ಆ ಮೂವರ ಮನಸ್ಸು ಬೇಗ ಅರ್ಥವಾಗುತ್ತದೆ ಎಂಬುದು ನನ್ನ ನಂಬಿಕೆ.

ಈ ಕಂತನ್ನು ತುಂಡಾಗಿ ನೋಡಬಾರದು ಎಂಬುದು ಮೊದಲನೆಯ ಮತ್ತು ಎಲ್ಲಕ್ಕಿಂತ ಮುಖ್ಯವಾದ ಸೂಚನೆ. ಮೊಬೈಲಿನಲ್ಲಿ ಎರಡು ನಿಮಿಷದ ತುಣುಕುಗಳಾಗಿ ಅದು ಬೇಕಾದಷ್ಟು ಓಡಾಡುತ್ತಿದೆ, ಅವುಗಳನ್ನು ನೋಡಿ ಕಥೆ ಗೊತ್ತಾಯಿತು ಎಂದುಕೊಂಡವರೂ ಇದ್ದಾರೆ. ಹಿಂದಿನ 54 ಕಂತುಗಳನ್ನು ಕ್ರಮವಾಗಿ ನೋಡುವುದಕ್ಕೆ ಅಡ್ಡದಾರಿ ಇಲ್ಲ. ಮೊದಲ ಸೀಸನ್‌ನಲ್ಲಿ 25, ಎರಡರಲ್ಲಿ 12, ಮೂರನೆಯದರ ಮೊದಲ ಭಾಗದಲ್ಲಿ 12 ಕಂತುಗಳಿವೆ, ಎರಡನೆಯ ಭಾಗ 50ರಿಂದ ಆರಂಭವಾಗುತ್ತದೆ. ದಿನಕ್ಕೆ ಎರಡರಂತೆ ನೋಡಿದರೆ ಒಂದು ತಿಂಗಳ ಒಳಗೆ ಮುಗಿಯುವ ಕೆಲಸವಿದು. ಆದರೆ ಹಿಂದೆಂದೋ ನೋಡಿ ಈಗ ಅರ್ಧ ಮರೆತವರು, ಮತ್ತೊಮ್ಮೆ ನೋಡುವ ಮೊದಲು ನಾಲ್ಕು ಕಂತುಗಳನ್ನಾದರೂ ನೆನಪಿಗೆ ತಂದುಕೊಳ್ಳಬೇಕು: 47, 49, 53 ಮತ್ತು 54. ಇವುಗಳಲ್ಲಿ ಮೊದಲೆರಡನ್ನು ಹಿಂದಿನ ದಿನ ನೋಡಿ ಮುಗಿಸಿ, ಕೊನೆಯ ಎರಡನ್ನು 55ರ ಜೊತೆಯಲ್ಲಿ ಒಂದೇ ಸಲ ಕುಳಿತು ನೋಡಿದರೆ ಒಳ್ಳೆಯದು.

ಈ ನಾಲ್ಕೇ ಏಕೆ ಎಂಬುದಕ್ಕೆ ಕಾರಣವಿದೆ. 47ನೆಯ ಕಂತಿನಲ್ಲಿ ಕೆನ್ನಿ ಎಂಬ ಕೊಲೆಗಡುಕ ಸಾಯುವ ಮುನ್ನ ಆ ಚುಚ್ಚುಮದ್ದನ್ನು, ಟೈಟನ್‌ಗಳೊಡನೆ ಹೋರಾಡುವ ಪಡೆಯ ಯೋಧ ಲೀವಾಯ್ ಕೈಗೆ ಒಪ್ಪಿಸುತ್ತಾನೆ, ಒಪ್ಪಿಸುವ ಮೊದಲು ತನ್ನ ಬದುಕಿನಲ್ಲಿ ಕಂಡ ಎಲ್ಲರ ಬಗ್ಗೆ ಒಂದು ಮಾತು ಹೇಳುತ್ತಾನೆ. ಏನಾದರೊಂದರ ಅಮಲಿಲ್ಲದೆ ಯಾರಿಂದಲೂ ಬದುಕಲು ಆಗುತ್ತಿರಲಿಲ್ಲ, ಎಲ್ಲರೂ ಯಾವುದೋ ಒಂದರ ಗುಲಾಮರೇ ಆಗಿದ್ದರು ಎಂಬುದು ಅದರ ಸಾರ. ಇಂಗ್ಲಿಷ್‌ನಲ್ಲಿ ಓದುವಾಗ ‘ಗುಲಾಮ’ ಎಂಬ ಪದವಷ್ಟೇ ಮನಸ್ಸಿಗೆ ನಾಟುತ್ತದೆ, ನಮ್ಮ ‘ಅಮಲು’ ಎಂಬ ಪದವನ್ನು ಇಟ್ಟುಕೊಂಡು ನೋಡಿದರೆ ಎಂಟು ಕಂತುಗಳ ನಂತರ ಲೀವಾಯ್ ಏಕೆ ಹಾಗೆ ಮಾಡಿದ ಎಂಬುದಕ್ಕೆ ದಾರಿ ತೆರೆಯುತ್ತದೆ. 49ನೆಯ ಕಂತು ಯುದ್ಧದ ಹಿಂದಿನ ರಾತ್ರಿಯದು. ಊಟದ ಗದ್ದಲದಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತ ಮೂವರು ಗೆಳೆಯರಲ್ಲಿ ಆರ್ಮಿನ್ ಮತ್ತೆ ಕಡಲಿನ ಮಾತನ್ನು ಎತ್ತುತ್ತಾನೆ, ಗೋಡೆಯ ಮರೆಯಲ್ಲಿ ಕತ್ತಲಲ್ಲಿ ಕುಳಿತ ಲೀವಾಯ್ ಅದನ್ನು ಕೇಳಿಸಿಕೊಳ್ಳುತ್ತಾನೆ. ಅವನು ಅಲ್ಲಿ ಏನನ್ನೂ ಹೇಳುವುದಿಲ್ಲ, ಆದ್ದರಿಂದ ಎಷ್ಟೋ ಜನ ಅವನನ್ನು ಅಲ್ಲಿ ಗಮನಿಸುವುದೇ ಇಲ್ಲ. 53ನೆಯದರಲ್ಲಿ ದಳಪತಿ ಎರ್ವಿನ್ ಒಂದು ಪೆಟ್ಟಿಗೆಯ ಮೇಲೆ ಕುಳಿತು ತನ್ನ ಜೀವಮಾನದ ಗುಟ್ಟನ್ನು ಬಿಚ್ಚಿಡುತ್ತಾನೆ. ಮಾನವಕುಲಕ್ಕಾಗಿ ಹೃದಯವನ್ನು ಅರ್ಪಿಸಿ ಎಂದು ಸಾವಿರ ಸಲ ಕೂಗಿದ ಆತನಿಗೆ ನಿಜಕ್ಕೂ ಬೇಕಾಗಿದ್ದದ್ದು ಎರೆನ್‌ನ ಮನೆಯ ನೆಲಮಾಳಿಗೆಯಲ್ಲಿರುವ ಸತ್ಯ. ಚಿಕ್ಕಂದಿನಲ್ಲಿ ತರಗತಿಯಲ್ಲಿ ಆತ ಒಂದು ಪ್ರಶ್ನೆ ಕೇಳಿದ್ದ, ಶಿಕ್ಷಕನಾಗಿದ್ದ ಅಪ್ಪ ಮನೆಗೆ ಬಂದ ಮೇಲೆ ಗುಟ್ಟಾಗಿ ಉತ್ತರ ಹೇಳಿದ್ದ, ಮಗ ಅದನ್ನು ಹೊರಗೆ ಆಡಿದ್ದರಿಂದ ಅಪ್ಪನ ಕೊಲೆಯಾಗಿತ್ತು. ಅಂದಿನಿಂದ ಆತ ಆ ಪ್ರಶ್ನೆಯನ್ನು ಹೊತ್ತುಕೊಂಡೇ ನಡೆದವನು. ಆತನ ಮುಂದೆ ಮೊಣಕಾಲೂರಿ ಕುಳಿತು, ಕನಸನ್ನು ಬಿಟ್ಟು ಸಾಯಿ, ಹೊಸ ಹುಡುಗರನ್ನು ನರಕಕ್ಕೆ ನಡೆಸು ಎಂದು ಲೀವಾಯ್ ಹೇಳುವುದು, ಆಗ ಎರ್ವಿನ್‌ನ ಮುಖದಲ್ಲಿ ಒಂದು ನಗೆ ಮೂಡುವುದು, ಇವೆರಡನ್ನು ಸರಿಯಾಗಿ ನೋಡಿಟ್ಟುಕೊಳ್ಳಬೇಕು. ಕೃತಜ್ಞತೆಯಂತೆ ಕಾಣುವ ಆ ನಗೆ ಮುಂದೆ ಮತ್ತೊಮ್ಮೆ ಬೇಕಾಗುತ್ತದೆ. 54ನೆಯದರಲ್ಲಿ ಆರ್ಮಿನ್ ತನ್ನ ದೇಹವನ್ನೇ ಬಲಿಕೊಟ್ಟು, ಬೃಹತ್ ಟೈಟನ್ನಿನ ಕುದಿಯುವ ಹಬೆಯಲ್ಲಿ ಸುಟ್ಟುಹೋಗುತ್ತ, ಎರೆನ್‌ಗೆ ಗೆಲ್ಲಲು ಬೇಕಾದ ಕೆಲವು ಕ್ಷಣಗಳನ್ನು ಗಳಿಸಿಕೊಡುತ್ತಾನೆ.

ಕಡಲಿನ ಬಗ್ಗೆ ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ಕರಾವಳಿಯವರಿಗೆ ಈ ಸರಣಿಯಲ್ಲಿ ಎಡವುವ ಜಾಗವೇ ಅದು. ಗೋಡೆಯೊಳಗಿನ ಮಕ್ಕಳಿಗೆ ಕಡಲೆಂಬುದು ನಿಷೇಧಿತ ಪುಸ್ತಕವೊಂದರಲ್ಲಿ ಓದಿದ ಸುದ್ದಿ ಮಾತ್ರ. ಅಷ್ಟು ನೀರೂ ಉಪ್ಪಂತೆ ಎಂದು ಆರ್ಮಿನ್ ಹೇಳಿದರೆ, ಉಪ್ಪೆಂದರೆ ನಿಧಿಯಲ್ಲವೇ, ವ್ಯಾಪಾರಿಗಳು ಒಂದು ದಿನದಲ್ಲಿ ಎಲ್ಲವನ್ನೂ ಬಾಚಿಕೊಂಡು ಹೋಗಿಬಿಡುತ್ತಾರೆ ಎಂದು ಎರೆನ್ ವಾದಿಸುತ್ತಾನೆ. ಎಷ್ಟು ಬಾಚಿದರೂ ಮುಗಿಯದಷ್ಟು ದೊಡ್ಡದು ಅದು ಎಂದು ಆರ್ಮಿನ್ ಕಣ್ಣರಳಿಸುತ್ತಾನೆ. ಕುಮಟಾದಲ್ಲಿ ಬೆಳಿಗ್ಗೆ ಕಿಟಕಿ ತೆರೆದರೆ ಉಪ್ಪು ಗಾಳಿ ಮುಖಕ್ಕೆ ಬಡಿಯುವ ನನಗೆ ಈ ಸಂಭಾಷಣೆ ಮೊದಲ ಸಲ ಮಕ್ಕಳ ಮಾತಿನಂತೆ ಕಂಡು ದಾಟಿಹೋಗಿತ್ತು. ಅದರ ತೂಕ ಗೊತ್ತಾದದ್ದು ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ಒಮ್ಮೆ ಬೇಸಿಗೆಯ ಮಧ್ಯಾಹ್ನ ಸುಮ್ಮನೆ ನಿಂತು ನೋಡಿದಾಗ. ಕಡಲಿನಿಂದ ಬಿಟ್ಟುಕೊಂಡ ತೆಳುವಾದ ನೀರು ಬಿಸಿಲಿಗೆ ಬತ್ತುತ್ತ ಬರುತ್ತದೆ, ಅಂಚಿನಲ್ಲಿ ಮೊದಲು ಒಂದು ಬಿಳಿಯ ಗೆರೆ ಹುಟ್ಟುತ್ತದೆ, ಆಮೇಲೆ ಆ ಗೆರೆ ಹರಳಾಗುತ್ತದೆ, ಹರಳುಗಳನ್ನು ಮರದ ಹಲಗೆಯಿಂದ ಎಳೆದು ರಾಶಿ ಮಾಡುತ್ತಾರೆ. ಮರುವರ್ಷವೂ ಅದೇ ಕಡಲು, ಮತ್ತೆ ಅಷ್ಟೇ ಉಪ್ಪು. ಎಷ್ಟು ಬಾಚಿದರೂ ಮುಗಿಯದು ಎಂಬ ಆರ್ಮಿನ್‌ನ ಮಾತು ಆಗ ನೆನಪಾಗಿ ನನಗೆ ನಿಂತಲ್ಲೇ ಗಂಟಲು ಕಟ್ಟಿತು. ಆದ್ದರಿಂದ ಕಂತನ್ನು ತೋರಿಸುವ ಮೊದಲು, ಸಾಧ್ಯವಿದ್ದರೆ, ನೋಡುವವರ ಕೈಯಲ್ಲಿ ಒಂದು ಹರಳು ಕಲ್ಲುಪ್ಪು ಇಟ್ಟು ಈ ಸಂಭಾಷಣೆಯನ್ನು ನೆನಪಿಸಿ. ಕರಾವಳಿಯವರಿಗೆ ಕಡಲು ಒಂದು ಗಳಿಗೆಯಾದರೂ ಹೊಸದಾಗದಿದ್ದರೆ, ಮಾಡಿನ ಮೇಲೆ ಎರೆನ್ ಆಡುವ ಮಾತು ಬರೀ ಹಟದಂತೆ ಕೇಳಿಸುತ್ತದೆ.

ಇನ್ನು ನೋಡುವ ದಿನದ ಏರ್ಪಾಡು. ಮಳೆಗಾಲದ ರಾತ್ರಿ ಇದಕ್ಕೆ ಒಪ್ಪುತ್ತದೆ ಎಂದು ಮೊದಲು ಭಾವಿಸಿದ್ದೆ, ಈಗ ಹಾಗೆ ಹೇಳಲಾರೆ. ಆಷಾಢದ ಮಳೆ ಹಂಚಿನ ಮಾಡಿನ ಮೇಲೆ ಬೀಳುವ ಸದ್ದಿನಲ್ಲಿ, ಈ ಕಂತಿನ ಜೀವವೇ ಆಗಿರುವ ಒಂದು ಪಿಸುಮಾತು ಸಂಪೂರ್ಣ ಮುಳುಗಿಹೋಗುತ್ತದೆ. ಎರಡನೆಯ ಸಲ ತೋರಿಸಿದಾಗ ಸರಿಯಾಗಿ ಆ ಪಿಸುಮಾತಿನ ಹೊತ್ತಿಗೆ ಕರೆಂಟೂ ಹೋಯಿತು. ದೀಪ ಹಚ್ಚಿಕೊಂಡು ಇಪ್ಪತ್ತು ನಿಮಿಷ ಕಾದು ಮತ್ತೆ ಹಾಕಿದಾಗ ಯಾರ ಮನಸ್ಸೂ ಮೊದಲಿದ್ದಲ್ಲಿ ಇರಲಿಲ್ಲ. ಮಳೆಗಾಲದಲ್ಲಿಯೇ ನೋಡುವುದಾದರೆ ಲ್ಯಾಪ್‌ಟಾಪನ್ನು ಪೂರ್ತಿ ಚಾರ್ಜ್ ಮಾಡಿಟ್ಟು, ಪರವಾನಗಿ ಇರುವ ಆ್ಯಪ್‌ನಲ್ಲಿ ಮೂರೂ ಕಂತುಗಳನ್ನು ಪೇಟೆಯಲ್ಲಿ ನೆಟ್‌ವರ್ಕ್ ಇರುವಾಗಲೇ ಡೌನ್‌ಲೋಡ್ ಮಾಡಿಕೊಂಡು, ಹೆಡ್‌ಫೋನ್ ಹಾಕಿ ನೋಡಿ. ಇಬ್ಬರಿಗಿಂತ ಹೆಚ್ಚು ಜನರಿದ್ದರೆ ಮಳೆ ಹೊಳವಾದ ದಿನಕ್ಕೆ ಕಾಯುವುದೇ ಮೇಲು. ರಾತ್ರಿ ಊಟ ಮುಗಿದು, ಪಾತ್ರೆ ತೊಳೆದು, ಮನೆಯವರೆಲ್ಲ ಮಲಗುವ ಹೊತ್ತು ಸರಿಯಾದ ಹೊತ್ತು. 53ರಿಂದ ಆರಂಭಿಸಿದರೆ ಒಂದೂಕಾಲು ತಾಸು ಸಾಕಾಗುತ್ತದೆ. ಧ್ವನಿ ಜಪಾನಿಯಲ್ಲೇ ಇರಲಿ. ಆರ್ಮಿನ್‌ಗೆ ಮರೀನಾ ಇನೋಯುಯೆ, ಎರೆನ್‌ಗೆ ಯೂಕಿ ಕಾಜಿ, ಲೀವಾಯ್‌ಗೆ ಹಿರೋಶಿ ಕಾಮಿಯಾ, ಎರ್ವಿನ್‌ಗೆ ದೈಸುಕೆ ಓನೋ ಧ್ವನಿ ಕೊಟ್ಟಿದ್ದಾರೆ, ಅವರ ಉಸಿರಿನ ಏರಿಳಿತವನ್ನು ಯಾವ ಭಾಷಾಂತರವೂ ಕೊಡಲಾರದು. ಇಂಗ್ಲಿಷ್ ಸಬ್‌ಟೈಟಲ್ ಓದಲು ಕಷ್ಟಪಡುವವರು ಜೊತೆಯಲ್ಲಿದ್ದರೆ, ಕಂತು ನಡೆಯುವಾಗ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳುತ್ತ ಹೋಗಬೇಡಿ. ಮೊದಲೇ ಐದು ನಿಮಿಷ ಕುಳಿತು, ಯಾರು ಯಾರಿಗೆ ಏನಾಗಬೇಕು, ಈ ಚುಚ್ಚುಮದ್ದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹೇಳಿಬಿಡಿ. ಮದ್ದು ಚುಚ್ಚಿದ ಮನುಷ್ಯ ಬುದ್ಧಿಯಿಲ್ಲದ ಟೈಟನ್ ಆಗುತ್ತಾನೆ, ಆ ರೂಪದಲ್ಲಿ ಟೈಟನ್ ಶಕ್ತಿಯುಳ್ಳ ಇನ್ನೊಬ್ಬ ಮನುಷ್ಯನನ್ನು ತಿಂದರೆ ಆ ಶಕ್ತಿಯನ್ನು ಪಡೆದು, ಗಾಯಗಳೆಲ್ಲ ಮಾಯ್ದು ಮನುಷ್ಯನಾಗಿ ಮರಳುತ್ತಾನೆ. ಆ ಬೃಹತ್ ಟೈಟನ್ ಆಗಿದ್ದ, ಈಗ ಕೈಕಾಲು ಕಳೆದುಕೊಂಡು ಸೆರೆಸಿಕ್ಕ ಬರ್ತೋಲ್ಟ್ ಆ ಮಾಡಿನ ಮೇಲೆ ಬಿದ್ದಿರುವುದು ಆ ಕಾರಣಕ್ಕೆ. ಒಬ್ಬ ಬದುಕಬೇಕಾದರೆ ಇನ್ನೊಬ್ಬ ಸಾಯಲೇಬೇಕು ಎಂಬ ಈ ಲೆಕ್ಕ ಮೊದಲೇ ಸ್ಪಷ್ಟವಾಗಿರಲಿ.

ಯಾರಿಗೆ ತೋರಿಸಬಾರದು ಎಂಬುದನ್ನೂ ಹೇಳಬೇಕು. ಹೈಸ್ಕೂಲು ದಾಟದ ಮಕ್ಕಳಿಗೆ ಬೇಡ, ರಕ್ತ ಮತ್ತು ಸುಟ್ಟ ದೇಹದ ಚಿತ್ರಗಳು ಇಲ್ಲಿ ಮರೆಯಿಲ್ಲದೆ ಬರುತ್ತವೆ. ಹತ್ತಿರದವರನ್ನು ಇತ್ತೀಚೆಗೆ ಕಳೆದುಕೊಂಡವರಿಗೆ, ಅದರಲ್ಲೂ ಆಸ್ಪತ್ರೆಯ ಹೊರಗೆ ಕುಳಿತು ಇನ್ನು ಚಿಕಿತ್ಸೆ ಮುಂದುವರಿಸಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಬಂದವರಿಗೆ, ಕಥೆಯ ಸುಳಿವನ್ನು ಮೊದಲೇ ತಿಳಿಸಿ, ನೋಡುವ ತೀರ್ಮಾನವನ್ನು ಅವರಿಗೇ ಬಿಡಿ.

ಮೊದಲ ಸಲ ನೋಡುವವರು ಇಲ್ಲಿಗೆ ನಿಲ್ಲಿಸಿ. ಮುಂದಿನದು ನೋಡಿ ಬಂದವರಿಗಾಗಿ, ಮತ್ತು ಎರಡನೆಯ ಸಲ ನೋಡುವಾಗ ಕಣ್ಣನ್ನು ಎಲ್ಲಿ ಇಡಬೇಕು ಎಂದು ಕೇಳುವವರಿಗಾಗಿ.

ಕಣ್ಣನ್ನು ಕೈಗಳ ಮೇಲೆ ಇಡಿ. ಈ ಕಂತಿನಲ್ಲಿ ಮುಖಗಳು ಕೂಗುತ್ತವೆ, ಅಳುತ್ತವೆ, ಆದರೆ ಕಥೆ ನಡೆಯುವುದು ಕೈಗಳಲ್ಲಿ. ಸತ್ತನೆಂದು ಭಾವಿಸಿದ್ದ ಆರ್ಮಿನ್ ಕೆಮ್ಮಿ ಉಸಿರೆಳೆದ ಕೂಡಲೇ ಎರೆನ್ ಚುಚ್ಚುಮದ್ದಿಗಾಗಿ ಕೂಗುತ್ತಾನೆ, ಲೀವಾಯ್ ಪೆಟ್ಟಿಗೆಯನ್ನು ಇನ್ನೇನು ಕೊಡಬೇಕು. ಅಷ್ಟರಲ್ಲಿ ಫ್ಲಾಕ್ ಎಂಬ ಹೊಸ ಹುಡುಗ, ಹೊಟ್ಟೆ ಸೀಳಿದ ಎರ್ವಿನ್‌ನನ್ನು ಬೆನ್ನಿನ ಮೇಲೆ ಹೊತ್ತು ಮಾಡನ್ನು ಹತ್ತಿ ಬರುತ್ತಾನೆ. ಮದ್ದು ಎರ್ವಿನ್‌ಗೆ ಎಂದು ಲೀವಾಯ್ ಹೇಳುತ್ತಾನೆ. ಎರೆನ್‌ನ ಕೈ ಪೆಟ್ಟಿಗೆಯನ್ನು ಬಿಡುವುದಿಲ್ಲ, ಲೀವಾಯ್ ಅವನನ್ನು ಹೊಡೆದು ಬೀಳಿಸುತ್ತಾನೆ. ಮಿಕಾಸಾ ಲೀವಾಯ್‌ನನ್ನು ಕೆಡವಿ ಕತ್ತಿ ಹಿಡಿದು ಕೂರುತ್ತಾಳೆ, ಹೋರಾಡಿ ದಣಿದ ಅವನಿಗೆ ಅವಳನ್ನು ತಳ್ಳುವ ಬಲವಿಲ್ಲ. ಆಮೇಲೆ ಬಂದ ಅದೇ ಪಡೆಯ ಹಿರಿಯ ಅಧಿಕಾರಿ ಹಾಂಜಿ ಅವಳನ್ನು ಹಿಂದಿನಿಂದ ಬಿಗಿಯಾಗಿ ಹಿಡಿದು, ನಾನು ಬದುಕಿಸಿಕೊಳ್ಳಬೇಕೆಂದವರೂ ನೂರಾರು ಜನರಿದ್ದರು ಎಂಬರ್ಥದ ಮಾತನ್ನು ಮೆಲ್ಲಗೆ ಹೇಳುತ್ತ ಹೋದಂತೆ, ಆ ಹಿಡಿತ ತಡೆಯುವ ಹಿಡಿತವಾಗಿದ್ದದ್ದು ಅಪ್ಪುಗೆಯಾಗಿ ಬದಲಾಗುತ್ತದೆ. ಮಿಕಾಸಾಳ ಕೈ ಸಡಿಲವಾಗುವ ಆ ಕ್ಷಣವನ್ನು ಗಮನಿಸಿ, ನನ್ನ ಮಟ್ಟಿಗೆ ಕಂತಿನ ಮೊದಲ ಕಣ್ಣೀರು ಅಲ್ಲಿಯದು. ಎರೆನ್ ಮಾತ್ರ ಲೀವಾಯ್‌ನ ಕಾಲು ಹಿಡಿದುಕೊಂಡು ಕೇಳುತ್ತಾನೆ, ನಿಮಗೆ ಕಡಲು ಗೊತ್ತೇ ಎಂದು. ಆ ಕನಸನ್ನು ತಾನು ಎಂದೋ ಮರೆತು ಸೇಡನ್ನಷ್ಟೇ ಉಳಿಸಿಕೊಂಡಿದ್ದೆ, ಆರ್ಮಿನ್ ಮರೆಯಲಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. 49ನೆಯ ಕಂತಿನಲ್ಲಿ ಕತ್ತಲಲ್ಲಿ ಕುಳಿತಿದ್ದ ಲೀವಾಯ್ ಇಲ್ಲಿ ಏಕೆ ಮುಖ್ಯನಾಗುತ್ತಾನೆ ಎಂಬುದು ಈಗ ಹೊಳೆಯಬೇಕು.

ಎಲ್ಲರನ್ನೂ ದೂರ ಕಳುಹಿಸಿ ಲೀವಾಯ್ ಒಬ್ಬನೇ ಉಳಿದಾಗ, ಅವನು ಎರ್ವಿನ್‌ಗೇ ಮದ್ದು ಚುಚ್ಚಲು ಬಾಗುತ್ತಾನೆ. ಪ್ರಜ್ಞೆಯಿಲ್ಲದ ಎರ್ವಿನ್ ಆಗ ತನ್ನ ಉಳಿದ ಒಂದೇ ಕೈಯನ್ನು ಮೇಲೆತ್ತುತ್ತಾನೆ, ಸೂಜಿ ಪಕ್ಕಕ್ಕೆ ಸರಿಯುತ್ತದೆ. ಬಲಗೈಯನ್ನು ಆತ ಎರಡನೆಯ ಸೀಸನ್‌ನಲ್ಲಿಯೇ ಕಳೆದುಕೊಂಡಿದ್ದ, ಇದು ಎಡಗೈ. ಮೂರನೆಯ ಸಲ ತೋರಿಸಿದಾಗ ನನ್ನ ಚಿಕ್ಕಮ್ಮನ ಮಗ, ಹತ್ತೊಂಬತ್ತರ ಹುಡುಗ, ಪರದೆಯಿಂದ ಕಣ್ಣು ತೆಗೆಯದೆ, “ಅಕ್ಕಾ, ಅಂವ ಕೈ ಎಂತಕ್ಕೆ ಎತ್ತಿದ?” ಎಂದು ಕೇಳಿದ. ನಾನು ಉತ್ತರ ಹೇಳಲಿಲ್ಲ, ಹೇಳಬೇಕಾಗಿಯೂ ಬರಲಿಲ್ಲ, ಏಕೆಂದರೆ ಅಷ್ಟರಲ್ಲಿ ಎರ್ವಿನ್‌ನ ತುಟಿ ಅಲುಗಿತು: ಮೇಷ್ಟ್ರೇ, ಗೋಡೆಯ ಹೊರಗೆ ಮನುಷ್ಯರಿಲ್ಲ ಎಂಬುದನ್ನು ಹೇಗೆ ಕಂಡುಹಿಡಿದರು? ಪಾಠದ ನಡುವೆ ಪ್ರಶ್ನೆಯಿರುವ ಹುಡುಗ ಕೈ ಎತ್ತುವ ಹಾಗೆ ಆತ ಕೈ ಎತ್ತಿದ್ದ. ನೂರಾರು ಜನರನ್ನು ಸಾವಿಗೆ ಕಳುಹಿಸಿದ ದಳಪತಿ ಸಾಯುವ ಹೊತ್ತಿಗೆ ಅಪ್ಪನ ತರಗತಿಯ ಬೆಂಚಿಗೆ ಮರಳಿದ್ದಾನೆ. ಲೀವಾಯ್‌ಗೆ ಆ ನಗೆ ನೆನಪಾಗುತ್ತದೆ, ಕೆನ್ನಿಯ ಅಮಲಿನ ಮಾತು ನೆನಪಾಗುತ್ತದೆ, ಅವನು ತಿರುಗಿ ಆರ್ಮಿನ್‌ನ ಕಡೆಗೆ ಹೋಗುತ್ತಾನೆ. ಈ ಎರಡು ನಿಮಿಷಗಳಲ್ಲಿ ಯಾರೂ ಮಾತಾಡಬಾರದು, ನಿಲ್ಲಿಸಬಾರದು, ಹಿಂದಕ್ಕೆ ಓಡಿಸಬಾರದು. ಏನಾದರೂ ತಪ್ಪಿಹೋದರೆ ಮಾರನೆಯ ದಿನ ನೋಡಿಕೊಳ್ಳಬಹುದು.

ಇಲ್ಲಿ ಹೆಚ್ಚಿನವರು ಎಡವುವುದು ಒಂದು ಲೆಕ್ಕಾಚಾರದಲ್ಲಿ. ಯಾರು ಹೆಚ್ಚು ಉಪಯೋಗದವರು, ಅನುಭವಿ ದಳಪತಿಯೋ ಜಾಣ ಹುಡುಗನೋ ಎಂದು ತೂಗುವುದಕ್ಕೆ ತೊಡಗಿದರೆ ಕಂತು ಕೈತಪ್ಪುತ್ತದೆ. ಲೀವಾಯ್ ಹಾಗೆ ತೂಗಿದ್ದರೆ ಮದ್ದು ಎರ್ವಿನ್‌ಗೇ ಹೋಗುತ್ತಿತ್ತು, ಕೊನೆಯ ಕ್ಷಣದವರೆಗೆ ಹೋಗುವುದರಲ್ಲೂ ಇತ್ತು. ಏಕೆ ಹೀಗೆ ಮಾಡಿದಿರಿ ಎಂದು ಕೇಳಿದ ಫ್ಲಾಕ್‌ಗೆ ಅವನು ಕೊಡುವ ಉತ್ತರವನ್ನು ನಿಧಾನವಾಗಿ ಓದಿ: ಆತ ದೆವ್ವವಾಗದೆ ಬೇರೆ ದಾರಿ ಇರಲಿಲ್ಲ, ಹಾಗಾಗಬೇಕೆಂದು ಬಯಸಿದವರು ನಾವೇ, ಈ ನರಕದಿಂದ ಒಮ್ಮೆ ಬಿಡುಗಡೆಯಾದವನನ್ನು ಮತ್ತೆ ಕರೆತರಲು ಹೊರಟಿದ್ದೆವು, ಇನ್ನಾದರೂ ಆತ ವಿಶ್ರಮಿಸಲಿ. ಈ ಮಾತು ನನಗೆ ಪೂರ್ತಿ ತಿಳಿದದ್ದು ಅನಿಮೆಯಿಂದಲ್ಲ. ನಮ್ಮ ಜಿಲ್ಲೆಯಲ್ಲಿ ಕಾಯಿಲೆ ಕೈಮೀರಿದರೆ ಮಣಿಪಾಲವೋ ಮಂಗಳೂರೋ ಹುಬ್ಬಳ್ಳಿಯೋ ಗೋವಾವೋ ಎಂದು ಆಂಬ್ಯುಲೆನ್ಸ್ ಹತ್ತಬೇಕಾಗುತ್ತದೆ ಎಂಬುದು ಇಲ್ಲಿನ ಎಲ್ಲರಿಗೂ ಗೊತ್ತು. ನನ್ನ ಸೋದರಮಾವನನ್ನು ಹಾಗೆ ಎರಡು ಸಲ ಒಯ್ದು, ಮೂರನೆಯ ಸಲ ಒಯ್ಯಲು ನಾವೆಲ್ಲ ಸಿದ್ಧರಾಗಿ ನಿಂತಾಗ, ಅಜ್ಜಿ ಜಗಲಿಯ ಕಂಬ ಹಿಡಿದುಕೊಂಡು, “ಸಾಕು, ಇನ್ನು ಅಂವನ್ನ ಎಳೆದಾಡಡಿ” ಎಂದಳು. ಹೆತ್ತ ಮಗನ ಬಗ್ಗೆ ಆಕೆ ಅದನ್ನು ಹೇಳಿದ್ದಳು. ಅಂದು ನನಗೆ ಅವಳ ಮೇಲೆ ಬಂದ ಸಿಟ್ಟು ಇಳಿಯಲು ಬಹಳ ದಿನ ಬೇಕಾಯಿತು. ಎರ್ವಿನ್‌ನ ಕೈ ಕೆಳಗಿಳಿಯುವುದನ್ನು ನೋಡಿದ ರಾತ್ರಿ ನನಗೆ ಕಂಡದ್ದು ಕಂಬದ ಮೇಲಿದ್ದ ಆ ಸುಕ್ಕುಗಟ್ಟಿದ ಕೈ.

ಕಂತಿನ ಕೊನೆಯ ಭಾಗದಲ್ಲಿ ಬರ್ತೋಲ್ಟ್‌ಗೆ ಎಚ್ಚರವಾಗಿ, ತನ್ನನ್ನು ತಿನ್ನಲು ಬಾಗಿದ ಬಾಯಿಯನ್ನು ಕಂಡು, ಆನಿ, ರೈನರ್ ಎಂದು ಗೆಳೆಯರ ಹೆಸರು ಹಿಡಿದು ಕೂಗುವ ದೃಶ್ಯವಿದೆ. ಅದನ್ನು ಓಡಿಸಿ ದಾಟಬೇಡಿ. ಆರ್ಮಿನ್ ಬದುಕಿದ ಎಂಬ ಸಮಾಧಾನ ನಮಗೆ ಬರುವ ಹೊತ್ತಿಗೇ ಅದರ ಬೆಲೆಯನ್ನು ತೆತ್ತವನ ಧ್ವನಿಯನ್ನು ಕೇಳಿಸುವುದು ಈ ಸರಣಿಯ ಪ್ರಾಮಾಣಿಕತೆ, ಇದನ್ನು ನಾನು ಬಹಳ ಗೌರವಿಸುತ್ತೇನೆ. ಕೊನೆಯಲ್ಲಿ ಬರುವ, ಕಂತು ತಯಾರಿಸಿದವರ ಹೆಸರುಗಳ ಪಟ್ಟಿ ಮುಗಿಯುವವರೆಗೆ ದೀಪ ಹಾಕದೆ ಕುಳಿತಿರಿ. ಆಮೇಲೆ ಯಾರಾದರೂ ಎದ್ದು ಒಂದು ಲೋಟ ಬಿಸಿ ಕಷಾಯ ಮಾಡಿದರೆ ಸಾಕು. ಅಂದು ರಾತ್ರಿ ಚರ್ಚೆ ಬೇಡ, ಮುಂದಿನ ಕಂತೂ ಬೇಡ.

ಚರ್ಚೆ ಮಾರನೆಯ ದಿನಕ್ಕೆ, ಅದಕ್ಕೆ ನಮ್ಮಲ್ಲೇ ಒಂದು ಒಳ್ಳೆಯ ದಾರಿಯಿದೆ. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ ಪಾತ್ರವಾಗಿ ವಾದಿಸುವ ತಾಳಮದ್ದಳೆಯನ್ನು ಕೇಳುತ್ತ ಬೆಳೆದವರಿಗೆ ಈ ಮಾಡಿನ ದೃಶ್ಯ ಅಪರಿಚಿತವಲ್ಲ. ಕತ್ತಿಗಿಂತ ಹೆಚ್ಚಾಗಿ ಮಾತೇ ಇಲ್ಲಿ ಹೋರಾಡುತ್ತದೆ, ಪ್ರತಿಯೊಬ್ಬರಿಗೂ ತಮ್ಮದೇ ಆದ ನ್ಯಾಯವಿದೆ. ನಾಲ್ವರು ಅರ್ಥಧಾರಿಗಳಾಗಿ, ಅಂದರೆ ಪಾತ್ರವಾಗಿ ಮಾತಾಡುವವರಾಗಿ, ಕುಳಿತು ಲೀವಾಯ್, ಎರೆನ್, ಹಾಂಜಿ, ಫ್ಲಾಕ್ ಪಾತ್ರಗಳನ್ನು ಹಂಚಿಕೊಳ್ಳಿ, ಆದರೆ ಹಂಚುವಾಗ ಒಬ್ಬೊಬ್ಬರಿಗೂ ಅವರ ಮನಸ್ಸಿಗೆ ಒಪ್ಪದ ಪಾತ್ರವನ್ನೇ ಕೊಡಿ. ಆರ್ಮಿನ್‌ಗಾಗಿ ಅತ್ತವರು ಫ್ಲಾಕ್ ಆಗಲಿ. ನಮ್ಮ ಮನೆಯಲ್ಲಿ ಹೀಗೆ ಮಾಡಿದಾಗ ಫ್ಲಾಕ್‌ನ ಅರ್ಥವೇ ಎಲ್ಲರನ್ನೂ ಅಲುಗಾಡಿಸಿತು. ಟೈಟನ್ ಎಸೆದ ಬಂಡೆಗಳ ಮಳೆಯಲ್ಲಿ ಜೊತೆಯವರೆಲ್ಲ ಚಿಂದಿಯಾದ ಮೇಲೆ ಹೆಣಗಳ ನಡುವೆ ಎದ್ದು ನಿಂತವನು ಅವನು. ಉಸಿರಾಡುತ್ತಿದ್ದ ದಳಪತಿಯನ್ನು ಕಂಡು ಮೊದಲು ಮುಗಿಸಿಬಿಡಬೇಕೆಂದುಕೊಂಡಿದ್ದ, ಅದು ಆತನಿಗೆ ಬಹಳ ಸುಲಭದ ಸಾವಾಗುತ್ತದೆ ಎನಿಸಿ ಹೊತ್ತು ತಂದಿದ್ದ. ಟೈಟನ್‌ಗಳನ್ನು ಅಳಿಸಬಲ್ಲವನು ದೆವ್ವ ಮಾತ್ರ, ಆ ದೆವ್ವವನ್ನು ಎಬ್ಬಿಸಲೆಂದೇ ತಾನು ನಾಚಿಕೆಗೆಟ್ಟು ಬದುಕುಳಿದೆ ಎಂದು ಅವನು ಕೂಗುವಾಗ, ಸತ್ತ ಹುಡುಗರೆಲ್ಲರ ಪರವಾಗಿ ಮಾತಾಡಲು ಆ ಮಾಡಿನ ಮೇಲೆ ಇನ್ನಾರೂ ಇಲ್ಲ. ಕೂಟಕ್ಕೆ ಎರಡು ಕಟ್ಟುಪಾಡು ಇರಲಿ: ಸರಣಿಯನ್ನು ಪೂರ್ತಿ ನೋಡಿದವರು ಮುಂದೆ ಏನಾಯಿತು ಎಂಬುದನ್ನು ವಾದಕ್ಕೆ ತರಬಾರದು, ಮತ್ತು ಎದುರಾಳಿಯ ಮಾತನ್ನು ಅವರು ಒಪ್ಪುವ ಹಾಗೆ ಒಮ್ಮೆ ತಾವೇ ಹೇಳಿ ಆಮೇಲೆ ಉತ್ತರಿಸಬೇಕು. ತೀರ್ಪುಗಾರರು ಬೇಡ. ಲೀವಾಯ್ ಆದವರು ಮೌನವಾಗಿಬಿಟ್ಟರೆ ಒತ್ತಾಯಿಸಬೇಡಿ, ನಮ್ಮಲ್ಲಿ ಆ ಪಾತ್ರ ಮಾಡಿದ ಚಿಕ್ಕಮ್ಮನ ಮಗ ಅರ್ಧದಲ್ಲಿ ಮಾತು ನಿಲ್ಲಿಸಿ ತಲೆ ತಗ್ಗಿಸಿದ, ಅಲ್ಲಿಗೇ ಪ್ರಸಂಗ ಮುಗಿಯಿತು.

ಘಟ್ಟದ ಮೇಲಿನವರು ಜೊತೆಯಲ್ಲಿದ್ದರೆ ಆ ದಿನವೇ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೋ ಗೋಕರ್ಣಕ್ಕೋ ಬನ್ನಿ, ಕಾರವಾರದವರಿಗೆ ಮನೆಯ ಹಿಂದೆಯೇ ಕಡಲಿದೆ. ಜೂನ್ ಜುಲೈ ತಿಂಗಳಾದರೆ ಯಾಂತ್ರಿಕ ದೋಣಿಗಳೆಲ್ಲ ದಡ ಸೇರಿ ಬಂದರು ಸುಮ್ಮನಿರುತ್ತದೆ, ಆಗ ನೀರಿಗೆ ಇಳಿಯುವ ಸಾಹಸ ಬೇಡ, ಮರಳಿನ ಮೇಲೆ ದೂರ ನಿಂತು ನೋಡಿದರೆ ಸಾಕು. ನಾವು ಹೋದದ್ದು ಕಾರ್ತಿಕದಲ್ಲಿ, ಅಲೆ ಸಣ್ಣದಿತ್ತು. ಹುಡುಗ ಪ್ಯಾಂಟಿನ ಅಂಚು ಮಡಚಿ ಮೊಣಕಾಲು ನೀರಿನವರೆಗೆ ಹೋಗಿ, ಬಗ್ಗಿ ಬೊಗಸೆಯಲ್ಲಿ ನೀರು ತೆಗೆದುಕೊಂಡು ನಾಲಿಗೆಗೆ ಮುಟ್ಟಿ, ಎಷ್ಟೋ ಹೊತ್ತು ಹಾಗೆಯೇ ನಿಂತಿದ್ದ. ಅವನು ಚಿಕ್ಕಂದಿನಿಂದ ಹತ್ತಾರು ಸಲ ಬಂದ ಕಡಲು ಅದು. ಸಂಜೆ ಮನೆಗೆ ಬಂದು ಕಾಲಿನ ಮರಳು ತೊಳೆದುಕೊಂಡ ಮೇಲೆ 56ನೆಯ ಕಂತನ್ನು ಹಾಕಿದೆವು. ಅದರ ಹೆಸರು ‘ನೆಲಮಾಳಿಗೆ’. ಎರ್ವಿನ್ ಕೈ ಎತ್ತಿ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿಂದ ಶುರುವಾಗುತ್ತದೆ.